ಬೆಳ್ಳಿ ನಾಣ್ಯದಲ್ಲಿ ಬೆಳ್ಳಿ ಎಷ್ಟು?



ನನ್ನ ಅಂಗೈ ಮೇಲಿರುವ ಈ ನಾಣ್ಯವನ್ನು ಒಮ್ಮೆ ನೋಡಿ. ಅಡ್ಡಳತೆ 44 ಮಿಲಿಮೀಟರ್, ತೂಕ 35 ಗ್ರಾಂ. ಒಂದು ಬದಿಯಲ್ಲಿ ಅಶೋಕ ಸ್ತಂಭದ ಸಿಂಹಗಳು, ಅದರ ಕೆಳಗೆ ನೂರು ರೂಪಾಯಿ ಎಂಬ ಮುಖಬೆಲೆ. ಭಾರತ ಸರ್ಕಾರದ ಟಂಕಸಾಲೆಯಲ್ಲಿ ಅಚ್ಚಾದ ಸ್ಮಾರಕ ನಾಣ್ಯ ಇದು. ನಮ್ಮ ಭಾವ 2012ರಲ್ಲಿ ನಿವೃತ್ತರಾದಾಗ ಬಂದ ಹಣದಲ್ಲಿ ಇಂಥ ಇಪ್ಪತ್ತನಾಲ್ಕು ನಾಣ್ಯಗಳನ್ನು, ಒಂದಕ್ಕೆ ಸುಮಾರು 2,900 ರೂಪಾಯಿಯಂತೆ, ಒಬ್ಬ ವ್ಯಾಪಾರಿಯಿಂದ ಕೊಂಡಿದ್ದರು. ಒಟ್ಟು ಹತ್ತಿರ ಹತ್ತಿರ ಎಪ್ಪತ್ತು ಸಾವಿರ. "ಬೆಳ್ಳಿ ಏರಿದ ಹಾಗೆ ಇದೂ ಏರುತ್ತದೆ, ಸಂಗ್ರಾಹಕರ ಬೆಲೆ ಬೇರೆ ಮೇಲೆ ಸಿಗುತ್ತದೆ" ಎಂದು ಮಾರಿದವರು ಹೇಳಿದ್ದರಂತೆ.

2019ರಲ್ಲಿ ಅಕ್ಕನಿಗೆ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಮುಂಗಡ ಕಟ್ಟಲು ಹಣ ಹೊಂದಿಸುವ ಗಡಿಬಿಡಿಯಲ್ಲಿ ಭಾವ ಬೀರುವಿನಿಂದ ಈ ನಾಣ್ಯಗಳ ಪೆಟ್ಟಿಗೆ ತೆಗೆದು ನನ್ನ ಕೈಗೆ ಕೊಟ್ಟರು. "ಏಳು ವರ್ಷ ಆಯಿತು. ಒಂದು ಲಕ್ಷವಾದರೂ ಬರಬೇಕಲ್ಲ, ನೋಡಪ್ಪ" ಎಂದರು. ಬೆಂಗಳೂರಿನ ಚಿನಿವಾರ ಪೇಟೆಯಲ್ಲಿ ಅಂಗಡಿಯವರು ಒಂದು ನಾಣ್ಯವನ್ನು ತಕ್ಕಡಿಯ ಮೇಲಿಟ್ಟು, ತಿರುಗಿಸಿ ನೋಡಿ, ಕ್ಯಾಲ್ಕುಲೇಟರಿನ ಗುಂಡಿ ಒತ್ತಿ, "ಒಂದಕ್ಕೆ ಆರುನೂರು" ಎಂದರು.

ನಾಣ್ಯಗಳು ಖೋಟಾ ಆಗಿರಲಿಲ್ಲ. ತೂಕದಲ್ಲಿ ಕೊರತೆ ಇರಲಿಲ್ಲ. ಅಂಗಡಿಯವರೂ ನಮ್ಮನ್ನು ವಂಚಿಸಲಿಲ್ಲ ಎಂಬುದು ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ನನಗೇ ಗೊತ್ತಾಯಿತು. ಹಾಗಾದರೆ 2,900 ರೂಪಾಯಿಯಲ್ಲಿ ಉಳಿದ 2,300 ರೂಪಾಯಿ ಹೋದದ್ದೆಲ್ಲಿಗೆ? ಇವತ್ತಿನ ಮಾತು ಅದನ್ನು ಕುರಿತದ್ದು.

ಇಂಥ ದೊಡ್ಡ ಬೆಳ್ಳಿ ನಾಣ್ಯಕ್ಕೆ ಒಂದಲ್ಲ, ಮೂರು ಬೆಲೆಗಳಿವೆ. ಮೊದಲನೆಯದು ಮುಖಬೆಲೆ, ಸರ್ಕಾರ ಅದರ ಮೇಲೆ ಅಚ್ಚೊತ್ತಿದ ಅಂಕಿ. ಎರಡನೆಯದು ಲೋಹದ ಬೆಲೆ. ಅದರೊಳಗಿನ ಬೆಳ್ಳಿಗೆ ಪೇಟೆಯಲ್ಲಿ ಆ ದಿನ ಇರುವ ದರ. ಮೂರನೆಯದು ನಾವು ಕೊಡುವ ಬೆಲೆ. ಮೂರನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವ ಮೊತ್ತಕ್ಕೆ ವ್ಯಾಪಾರಿಗಳು ಪ್ರೀಮಿಯಂ ಎನ್ನುತ್ತಾರೆ. ಕನ್ನಡದಲ್ಲಿ ಮೇಲ್ಬೆಲೆ ಎನ್ನಬಹುದು. ಲೋಹದ ಬೆಲೆಯನ್ನು ತಕ್ಕಡಿ ಹೇಳುತ್ತದೆ. ಮೇಲ್ಬೆಲೆಯನ್ನು ಹೇಳುವ ತಕ್ಕಡಿ ಇಲ್ಲ. ಅದನ್ನು ಕೊಡುವ ಇನ್ನೊಬ್ಬ ಮನುಷ್ಯ ಎದುರಿಗೆ ಬಂದು ನಿಂತರೆ ಮಾತ್ರ ಅದು ಇದೆ, ಇಲ್ಲದಿದ್ದರೆ ಇಲ್ಲ.

ಮೊದಲು ತಕ್ಕಡಿಯ ವಿಷಯವನ್ನೇ ನೋಡೋಣ. ಬೆಳ್ಳಿ ನಾಣ್ಯ ಎಂದ ಕೂಡಲೇ ಪೂರ್ತಿ ಬೆಳ್ಳಿಯ ನಾಣ್ಯ ಎಂದು ನಾವು ಭಾವಿಸುತ್ತೇವೆ. ಇದಕ್ಕೆ ನಮ್ಮ ಹಿರಿಯರ ಕಾಲದ ರೂಪಾಯಿಯೇ ಕಾರಣವಿರಬೇಕು. ಎಷ್ಟೋ ಮನೆಗಳಲ್ಲಿ ದೇವರ ಪೆಟ್ಟಿಗೆಯಲ್ಲಿ ಇವತ್ತಿಗೂ ಇರುವ ರಾಣಿ ಛಾಪಿನ ರೂಪಾಯಿ 11.66 ಗ್ರಾಂ ತೂಗುತ್ತದೆ. ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ, ಸುಮಾರು 10.7 ಗ್ರಾಂ. ಎರಡನೆಯ ಮಹಾಯುದ್ಧ ಬಂದಿತು, ಬೆಳ್ಳಿ ದುರ್ಲಭವಾಯಿತು. 1940ರಲ್ಲಿ ಬ್ರಿಟಿಷ್ ಸರ್ಕಾರ ತೂಕವನ್ನು ಹಾಗೆಯೇ ಇಟ್ಟುಕೊಂಡು ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ನೂರು ಪಾಲಿನಲ್ಲಿ 50 ಪಾಲು ಬೆಳ್ಳಿ, 40 ಪಾಲು ತಾಮ್ರ, 5 ಪಾಲು ನಿಕ್ಕಲ್, 5 ಪಾಲು ಸತುವು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್.

ಯುದ್ಧಕಾಲದ ಆ ನಾಲ್ಕು ಲೋಹಗಳ ಮಿಶ್ರಣವೇ ಸ್ವತಂತ್ರ ಭಾರತದ ದೊಡ್ಡ ಸ್ಮಾರಕ ನಾಣ್ಯಗಳಿಗೂ ಬಂದದ್ದು. ನನ್ನ ಕೈಯಲ್ಲಿರುವ ನಾಣ್ಯದಲ್ಲೂ ಅದೇ ಮಿಶ್ರಲೋಹ ಇದೆ. 35 ಗ್ರಾಂ ಎಂದರೆ ಮೂರು ತೊಲ. ಅದರಲ್ಲಿ ಬೆಳ್ಳಿ ಹದಿನೇಳೂವರೆ ಗ್ರಾಂ. ಉಳಿದ ಹದಿನೇಳೂವರೆ ಗ್ರಾಂ ಬಹುಮಟ್ಟಿಗೆ ತಾಮ್ರ. ಪಾಪ, ಭಾವನವರಿಗೆ ಇದು ಗೊತ್ತಿರಲಿಲ್ಲ. ನಾನು ವಿಜ್ಞಾನ ಓದಿದವನು, ನನಗೂ ಗೊತ್ತಿರಲಿಲ್ಲ. ನಾಣ್ಯದ ಜೊತೆ ಕೊಟ್ಟಿದ್ದ ಪುಟ್ಟ ಪುಸ್ತಿಕೆಯಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಬಿಡಿಸಿ ನೋಡಿದವರು ಯಾರು?

ಮುಖಬೆಲೆ ಈ ವಿಷಯದಲ್ಲಿ ನಮಗೆ ಏನೂ ಸಹಾಯ ಮಾಡುವುದಿಲ್ಲ. 1969ರಲ್ಲಿ ಗಾಂಧೀಜಿಯವರ ಜನ್ಮ ಶತಾಬ್ದಿಗೆ ಹೊರಟ ಹತ್ತು ರೂಪಾಯಿ ನಾಣ್ಯ 15 ಗ್ರಾಂ ತೂಗುತ್ತಿತ್ತು. ಶೇಕಡಾ 80ರಷ್ಟು ಬೆಳ್ಳಿ, ಅಂದರೆ 12 ಗ್ರಾಂ. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿ ಹಬ್ಬಕ್ಕೆ ಬಂದ ಹತ್ತು ರೂಪಾಯಿ ನಾಣ್ಯ ನೋಡಲು ಅದಕ್ಕಿಂತ ದೊಡ್ಡದು, ತೂಕ ಇಪ್ಪತ್ತೆರಡೂವರೆ ಗ್ರಾಂ. ಆದರೆ ಬೆಳ್ಳಿ ಶೇಕಡಾ 50 ಮಾತ್ರ. ಹನ್ನೊಂದೂಕಾಲು ಗ್ರಾಂ. ನಾಣ್ಯ ಒಂದೂವರೆ ಪಟ್ಟು ಬೆಳೆಯಿತು, ಬೆಳ್ಳಿ ಕಡಿಮೆಯಾಯಿತು! ಬೆಳ್ಳಿ ಹಬ್ಬಕ್ಕೇ ಹೀಗಾದದ್ದು ತಮಾಷೆಯಾಗಿಯೇ ಇದೆ. ಮುಂದೆ 1974ರಲ್ಲಿ ಐವತ್ತು ರೂಪಾಯಿ ನಾಣ್ಯ ಬಂದಿತು, 34.7 ಗ್ರಾಂ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ನೂರು ರೂಪಾಯಿ ನಾಣ್ಯ 35 ಗ್ರಾಂ. ಮುಖಬೆಲೆ ಇಮ್ಮಡಿಯಾದರೂ ಒಳಗಿನ ಬೆಳ್ಳಿ ಹೆಚ್ಚುಕಡಿಮೆ ಅಷ್ಟೇ. 2011ರ ಟಾಗೋರರ ನೂರೈವತ್ತು ರೂಪಾಯಿ ನಾಣ್ಯದಲ್ಲೂ, 2023ರಲ್ಲಿ ಹೊಸ ಸಂಸತ್ ಭವನದ ಉದ್ಘಾಟನೆಗೆ ಬಂದ ಎಪ್ಪತ್ತೈದು ರೂಪಾಯಿ ನಾಣ್ಯದಲ್ಲೂ ಅದೇ ಹದಿನೇಳೂವರೆ ಗ್ರಾಂ. ತಂಜಾವೂರಿನ ಬೃಹದೀಶ್ವರ ದೇವಾಲಯದ ಸಹಸ್ರಮಾನೋತ್ಸವಕ್ಕೆ 2010ರ ವರ್ಷ ಹೊತ್ತು ಬಂದ ಸಾವಿರ ರೂಪಾಯಿ ನಾಣ್ಯವೂ 35 ಗ್ರಾಂನದೇ. ಅದರಲ್ಲಿ ಮಾತ್ರ ಬೆಳ್ಳಿ ಶೇಕಡಾ 80, ಅಂದರೆ 28 ಗ್ರಾಂ. ಇನ್ನು ರಿಸರ್ವ್ ಬ್ಯಾಂಕಿಗೆ ತೊಂಬತ್ತು ವರ್ಷವಾದಾಗ 2024ರಲ್ಲಿ ಬಿಡುಗಡೆಯಾದ ತೊಂಬತ್ತು ರೂಪಾಯಿ ನಾಣ್ಯ 40 ಗ್ರಾಂ, ಶೇಕಡಾ 99.99ರಷ್ಟು ಶುದ್ಧ ಬೆಳ್ಳಿ. ತೊಂಬತ್ತು ರೂಪಾಯಿಯದರಲ್ಲಿ ನೂರೈವತ್ತು ರೂಪಾಯಿಯದಕ್ಕಿಂತ ಎರಡು ಪಟ್ಟಿಗಿಂತ ಹೆಚ್ಚು ಬೆಳ್ಳಿ! ಆದ್ದರಿಂದ ನಾಣ್ಯದ ಗಾತ್ರವನ್ನಾಗಲಿ ಅದರ ಮೇಲಿನ ಅಂಕಿಯನ್ನಾಗಲಿ ನಂಬಬಾರದು. ಪ್ರತಿಯೊಂದು ಸ್ಮಾರಕ ನಾಣ್ಯದ ಲೋಹದ ವಿವರವೂ ಭಾರತ ಸರ್ಕಾರದ ಗೆಜೆಟ್ ಅಧಿಸೂಚನೆಯಲ್ಲಿ ಪ್ರಕಟವಾಗುತ್ತದೆ. ಅದನ್ನು ಓದಬೇಕು.

ಈಗ ಸ್ವಲ್ಪ ಗಣಿತ. ಗಾಬರಿಯಾಗಬೇಡಿ, ಒಂದೇ ಗುಣಾಕಾರ, ಒಂದೇ ವ್ಯವಕಲನ. ಲೆಕ್ಕಕ್ಕೆ ಸುಲಭವಾಗಲೆಂದು ಬೆಳ್ಳಿ ಗ್ರಾಮಿಗೆ ನೂರು ರೂಪಾಯಿ ಎಂದು ಇಟ್ಟುಕೊಳ್ಳೋಣ. ಹದಿನೇಳೂವರೆ ಗ್ರಾಂ ಬೆಳ್ಳಿಗೆ 1,750 ರೂಪಾಯಿ. ಅಂಗಡಿಯವರು ನಾಣ್ಯಕ್ಕೆ 4,500 ಕೇಳಿದರೆ ಮೇಲ್ಬೆಲೆ 2,750. ಅಂದರೆ ಬೆಳ್ಳಿಗೆ ಕೊಟ್ಟದ್ದಕ್ಕಿಂತ ಒಂದೂವರೆ ಪಟ್ಟಿಗೂ ಮೀರಿ, ಬೆಳ್ಳಿಯಲ್ಲದ ಯಾವುದಕ್ಕೋ ಕೊಡುತ್ತಿದ್ದೇವೆ. ಬರೀ ಲೋಹದ ಬಲದಿಂದಲೇ ನಮ್ಮ ಹಣ ವಾಪಸು ಬರಬೇಕಾದರೆ ಬೆಳ್ಳಿ ಗ್ರಾಮಿಗೆ ನೂರರಿಂದ 257 ರೂಪಾಯಿಗೆ ಏರಬೇಕು. ಅಷ್ಟು ಏರಿದಾಗ ನಮಗೆ ಸಿಗುವ ಲಾಭ ಸೊನ್ನೆ!

ಭಾವನವರ ಲೆಕ್ಕಕ್ಕೆ ಬಂದರೆ, 2012ರಲ್ಲಿ ಬೆಳ್ಳಿ ಗ್ರಾಮಿಗೆ ಸುಮಾರು 58 ರೂಪಾಯಿ ಎಂದು ಹಿಡಿಯೋಣ. ಅವರು ಕೊಟ್ಟ ಎಪ್ಪತ್ತು ಸಾವಿರಕ್ಕೆ ಬರೀ ಬೆಳ್ಳಿ ಗಟ್ಟಿ ಕೊಂಡಿದ್ದರೆ ಒಂದು ಕಿಲೋ ಇನ್ನೂರು ಗ್ರಾಂ ಬರುತ್ತಿತ್ತು. ಇಪ್ಪತ್ತನಾಲ್ಕು ನಾಣ್ಯಗಳಲ್ಲಿ ಅವರಿಗೆ ಸಿಕ್ಕ ಬೆಳ್ಳಿ 420 ಗ್ರಾಂ. ಮೇಲಾಗಿ 2019ರ ಹೊತ್ತಿಗೆ ಬೆಳ್ಳಿಯೇ ಇಳಿದಿತ್ತು, ಗ್ರಾಮಿಗೆ ನಲವತ್ತು ರೂಪಾಯಿಯ ಆಸುಪಾಸು. ಒಂದು ನಾಣ್ಯದ ಬೆಳ್ಳಿಗೆ 700 ರೂಪಾಯಿ. ಅಂಗಡಿಯವರು ಹೇಳಿದ 600 ರೂಪಾಯಿ ಎಲ್ಲಿಂದ ಬಂದಿತು ಎಂಬುದು ನಿಮಗೀಗ ತಿಳಿಯಿತು.

ಆ ನೂರು ರೂಪಾಯಿ ಏಕೆ ಕಡಿಮೆ ಎಂದು ನಾನು ಅಂದು ಕೇಳಿದ್ದೆ. "ಅರ್ಧ ತಾಮ್ರ ಸಾರ್, ಬೇರೆ ಮಾಡೋಕೆ ಖರ್ಚಿದೆ. ಅಲ್ಲದೆ ಇದು ಸರ್ಕಾರಿ ನಾಣ್ಯ, ಕರಗಿಸೋ ಹಾಗೂ ಇಲ್ಲ. ಹೀಗೇ ಇಟ್ಟು ಹೀಗೇ ಮಾರಬೇಕು" ಎಂದರು ಅಂಗಡಿಯವರು. ಅವರ ಮಾತು ನಿಜ. 2011ರ ನಾಣ್ಯ ಕಾಯಿದೆಯ ಪ್ರಕಾರ ನಾಣ್ಯವನ್ನು ಕರಗಿಸುವುದು, ನಾಶಮಾಡುವುದು ಅಪರಾಧ. ನಾಣ್ಯ ಎಂಬ ಶಬ್ದದ ವ್ಯಾಖ್ಯೆಯಲ್ಲಿ ಸ್ಮಾರಕ ನಾಣ್ಯವೂ ಸೇರಿದೆ. ಹಳೆಯ ಬೆಳ್ಳಿ ಲೋಟವನ್ನು ಅಕ್ಕಸಾಲಿಗನಿಗೆ ಕೊಟ್ಟು ಹೊಸ ದೀಪ ಮಾಡಿಸಿಕೊಂಡಂತೆ ಇದನ್ನು ಮಾಡಲು ಬರುವುದಿಲ್ಲ. ಒಳಗೆ ಬೆಳ್ಳಿ ಇದೆ, ಆದರೆ ನ್ಯಾಯವಾಗಿ ಹೊರಗೆ ತೆಗೆಯಲು ದಾರಿಯಿಲ್ಲ. ಬ್ಯಾಂಕಿಗೆ ಒಯ್ದರೆ? ಅಲ್ಲಿ ಅದರ ಬೆಲೆ ಮುಖಬೆಲೆಯಷ್ಟೇ, ನೂರು ರೂಪಾಯಿ. ನಾಣ್ಯ ಕೊಂಡವನು ಕೊನೆಗೆ ಇನ್ನೊಬ್ಬ ನಾಣ್ಯಪ್ರೇಮಿಯನ್ನೇ ಕಾಯಬೇಕು.

ಹಾಗಾದರೆ ಮೇಲ್ಬೆಲೆ ಎಂಬುದು ಬರಿಯ ಸುಲಿಗೆಯೇ? ಅಲ್ಲ ಎಂದೇ ನನ್ನ ಅಭಿಪ್ರಾಯ. ಇದಕ್ಕೆ ನಮ್ಮ ಸ್ಟುಡಿಯೋದ ಒಂದು ಪ್ರಸಂಗವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾಣ್ಯ ಸಂಗ್ರಹದ ಬಗ್ಗೆ ಒಂದು ಕಾರ್ಯಕ್ರಮ ತಯಾರಿಸುತ್ತಿದ್ದೆವು. ಸಂಗ್ರಾಹಕರೊಬ್ಬರು ತಮ್ಮ ಪ್ರೂಫ್ ನಾಣ್ಯಗಳನ್ನು ತಂದಿದ್ದರು. ಪ್ರೂಫ್ ಎಂದರೆ ಸಂಗ್ರಾಹಕರಿಗಾಗಿಯೇ ವಿಶೇಷವಾಗಿ ಅಚ್ಚೊತ್ತಿದ ನಾಣ್ಯ. ಅದರ ಅಚ್ಚನ್ನೂ ಬಿಲ್ಲೆಯನ್ನೂ ಕನ್ನಡಿಯಂತೆ ಉಜ್ಜಿ ಹೊಳಪು ಮಾಡಿರುತ್ತಾರೆ, ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಚಿತ್ರದ ಭಾಗ ಹಿಮದಂತೆ ಬೆಳ್ಳಗೆ, ಹಿನ್ನೆಲೆ ಕನ್ನಡಿಯಂತೆ ನುಣುಪು. ನಮ್ಮ ಕ್ಯಾಮೆರಾಮನ್ ಎಷ್ಟು ಪ್ರಯತ್ನಪಟ್ಟರೂ ನಾಣ್ಯ ಕಾಣಿಸಲೊಲ್ಲದು. ದೀಪ ಹಾಕಿದರೆ ದೀಪವೇ ಅದರಲ್ಲಿ ಕಾಣುತ್ತದೆ, ದೀಪ ಸರಿಸಿದರೆ ಕ್ಯಾಮೆರಾಮನ್ನರ ಮೀಸೆ ಕಾಣುತ್ತದೆ! ಕೊನೆಗೆ ದೀಪಗಳಿಗೆ ಬಟರ್ ಪೇಪರ್ ಕಟ್ಟಿ, ಕಪ್ಪು ಬಟ್ಟೆಯಲ್ಲಿ ತೂತು ಮಾಡಿ ಅದರೊಳಗಿಂದ ಲೆನ್ಸ್ ತೂರಿಸಿ ಚಿತ್ರ ತೆಗೆದೆವು. ನಲವತ್ತು ಸೆಕೆಂಡಿನ ದೃಶ್ಯಕ್ಕೆ ಮೂರು ಗಂಟೆ ಹಿಡಿಯಿತು. ಆದರೆ ಮಾನಿಟರಿನಲ್ಲಿ ಅದು ಮೂಡಿದಾಗ ಸ್ಟುಡಿಯೋದಲ್ಲಿದ್ದವರೆಲ್ಲ ಒಂದು ಕ್ಷಣ ಸುಮ್ಮನಾದೆವು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಕೆಲಸ!

ಮೇಲ್ಬೆಲೆ ಎಂದು ಕೊಡುವುದು ಈ ಕೆಲಸಕ್ಕೆ. ಅಚ್ಚು ಕೊರೆಯುವವನ ಕೈಗೆ, ಕಡಿಮೆ ಸಂಖ್ಯೆಯಲ್ಲಿ ಮಾತ್ರ ಒತ್ತುವುದಕ್ಕೆ, ಪೆಟ್ಟಿಗೆಗೆ, ಮಾರುವವನ ಲಾಭಕ್ಕೆ. ಟಂಕಸಾಲೆಯಿಂದ ನೇರವಾಗಿ, ಮುಂಗಡ ಕಾದಿರಿಸುವ ಅವಧಿಯಲ್ಲಿ ಹಣ ಕಟ್ಟಿ ತರಿಸಿಕೊಂಡರೆ ಒಂದು ಮೇಲ್ಬೆಲೆ. ಅವಧಿ ಮುಗಿದ ಮೇಲೆ ವ್ಯಾಪಾರಿಯಿಂದ ಕೊಂಡರೆ ಅದರ ಮೇಲೆ ಇನ್ನೊಂದು. ಮೊದಲನೆಯದರಲ್ಲಿ ಕೆಲಸದ ಕೂಲಿ ಹೆಚ್ಚು, ಎರಡನೆಯದರಲ್ಲಿ ಆತುರದ ದಂಡ ಹೆಚ್ಚು. ಭಾವ ಕೊಂಡದ್ದು ಎರಡನೆಯ ಬಗೆ. ನಾನೂ ಆ ಕಾರ್ಯಕ್ರಮದ ಮಾರನೆಯ ತಿಂಗಳು ಟಂಕಸಾಲೆಯಿಂದಲೇ ಒಂದು ಪ್ರೂಫ್ ನಾಣ್ಯ ತರಿಸಿಕೊಂಡೆ. ಕೊಟ್ಟ ಹಣ ವಾಪಸು ಬರುತ್ತದೆಂದು ನಾನು ಎಣಿಸಿಲ್ಲ; ನಾಟಕಕ್ಕೆ ಟಿಕೆಟ್ ಕೊಂಡವನು ಹೊರಗೆ ಬಂದು ಟಿಕೆಟ್ ಮಾರಲು ನೋಡುತ್ತಾನೆಯೇ?

ಆದರೆ ಈ ಕನ್ನಡಿ ಹೊಳಪು ಬಹಳ ನಾಜೂಕಿನದು. ಬೆರಳಿನ ಗುರುತು ಬಿದ್ದರೆ ಕಾಲಾಂತರದಲ್ಲಿ ಅದು ಕಪ್ಪಾಗಿ ಉಳಿಯುತ್ತದೆ. ಗಾಳಿಯಲ್ಲಿರುವ ಗಂಧಕದ ಅನಿಲಗಳು ಬೆಳ್ಳಿಯೊಡನೆ ಕೂಡಿ ಸಿಲ್ವರ್ ಸಲ್ಫೈಡ್ ಆಗುವುದೇ ಬೆಳ್ಳಿ ಕಪ್ಪಾಗಲು ಕಾರಣ. ನಮ್ಮ ಮನೆಗಳಲ್ಲಿ ಬೆಳ್ಳಿ ಕಪ್ಪಾದರೆ ಏನು ಮಾಡುತ್ತೇವೆ? ವಿಭೂತಿ ಹಾಕಿ ಉಜ್ಜುತ್ತೇವೆ. ಅಕ್ಕ ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಈ ನಾಣ್ಯಗಳನ್ನು ಪ್ಲಾಸ್ಟಿಕ್ ಡಬ್ಬಿಗಳಿಂದ ಬಿಡಿಸಿ, ವಿಭೂತಿಯಲ್ಲಿ ಚೆನ್ನಾಗಿ ಉಜ್ಜಿ, ಕಲಶದ ಮುಂದೆ ಜೋಡಿಸುತ್ತಿದ್ದಳು. ಇಪ್ಪತ್ತನಾಲ್ಕರಲ್ಲಿ ಹದಿನೆಂಟಕ್ಕೆ ಈ ಸೇವೆ ನಡೆದಿತ್ತು. ದೇವರಿಗೆ ಪ್ರೀತಿಯಾಯಿತು, ಸಂಗ್ರಾಹಕರಿಗೆ ಆಗಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಮೈಯೆಲ್ಲ ಕೂದಲೆಳೆಯಂಥ ಗೀರುಗಳು. ನಾಣ್ಯಪ್ರೇಮಿಯ ಕಣ್ಣಿಗೆ ಆ ಹದಿನೆಂಟು ನಾಣ್ಯಗಳ ಮೇಲ್ಬೆಲೆ ವಿಭೂತಿಯೊಡನೆ ತೊಳೆದುಹೋಗಿತ್ತು. ಅಂಗಡಿಯವರ ತಕ್ಕಡಿಗೆ ಮಾತ್ರ ಏನೂ ವ್ಯತ್ಯಾಸವಿರಲಿಲ್ಲ.

ಈ ಗೊಂದಲ ನಮ್ಮದೊಂದೇ ದೇಶದ್ದಲ್ಲ. ಅಮೆರಿಕದ ಟಂಕಸಾಲೆ 2010ರಿಂದ ತನ್ನ ರಾಷ್ಟ್ರೀಯ ಉದ್ಯಾನಗಳ ಚಿತ್ರವಿರುವ ಐದು ಔನ್ಸಿನ ಬೆಳ್ಳಿ ನಾಣ್ಯಗಳನ್ನು ಹೊರತಂದಿತು. ಅಡ್ಡಳತೆ ಮೂರು ಅಂಗುಲ, ತೂಕ 155 ಗ್ರಾಂ, ಮುಖಬೆಲೆ ಎಷ್ಟೆಂದು ಬಲ್ಲಿರಾ? ಕಾಲು ಡಾಲರ್! ಮೊದಲ ವರ್ಷ ಐದು ಚಿತ್ರಗಳು, ಒಂದೊಂದರಲ್ಲಿ 33,000 ನಾಣ್ಯ ಮಾತ್ರ. ಇವು ಸಂಗ್ರಾಹಕರಿಗೆ ನೇರವಾಗಿ ಸಿಗುವಂತಿರಲಿಲ್ಲ. ಟಂಕಸಾಲೆ ಅವನ್ನು ಬೆಳ್ಳಿಯ ದರಕ್ಕೆ ಹತ್ತು ಡಾಲರಿಗಿಂತ ಕಡಿಮೆ ಸೇರಿಸಿ ಅಧಿಕೃತ ಸಗಟು ವ್ಯಾಪಾರಿಗಳಿಗೆ ಮಾತ್ರ ಕೊಡುತ್ತಿತ್ತು. ಸಂಖ್ಯೆ ಕಡಿಮೆ ಎಂದು ತಿಳಿದ ಕೂಡಲೇ ಬೆಲೆ ಜಿಗಿಯಿತು. ಜನರ ದೂರು ಹೆಚ್ಚಾಗಿ, 2010ರ ಡಿಸೆಂಬರಿನಲ್ಲಿ ಟಂಕಸಾಲೆ ಮಾರಾಟವನ್ನೇ ನಿಲ್ಲಿಸಿ ಹೊಸ ಷರತ್ತು ಹಾಕಿತು. ತಾವು ಕೊಟ್ಟ ಬೆಲೆಯ ಮೇಲೆ ವ್ಯಾಪಾರಿಗಳು ಶೇಕಡಾ ಹತ್ತಕ್ಕಿಂತ ಹೆಚ್ಚು ಸೇರಿಸುವಂತಿಲ್ಲ, ಒಂದು ಮನೆಗೆ ಪ್ರತಿ ಚಿತ್ರದ ಒಂದೇ ನಾಣ್ಯ. ಕೊಂಡವರು ಮತ್ತೆ ಮಾರುವಾಗ ಏನು ಕೇಳುತ್ತಾರೆ ಎಂಬುದು ಮಾತ್ರ ಯಾವ ಷರತ್ತಿಗೂ ಸಿಗದ ವಿಷಯ.

ಅದೇ ಸರಣಿಯ ಇನ್ನೊಂದು ಬಗೆಯ ನಾಣ್ಯವನ್ನು ಟಂಕಸಾಲೆ 2011ರ ಏಪ್ರಿಲ್ 28ರಂದು ನೇರವಾಗಿ ಸಂಗ್ರಾಹಕರಿಗೆ 279 ಡಾಲರ್ 95 ಸೆಂಟಿಗೆ ಮಾರಲು ಆರಂಭಿಸಿತು. ಅಂದು ಬೆಳ್ಳಿ ಔನ್ಸಿಗೆ 48 ಡಾಲರಿನ ಆಸುಪಾಸಿನಲ್ಲಿತ್ತು. ಐದು ಔನ್ಸಿಗೆ 240 ಡಾಲರ್. ಮೇಲ್ಬೆಲೆ ಲೋಹದ ಆರನೆಯ ಒಂದು ಪಾಲು ಮಾತ್ರ, ಬಹಳ ನ್ಯಾಯವಾದ ಬೆಲೆ ಎಂದೇ ತೋರುತ್ತದೆ. ಆದರೆ ಮುಂದಿನ ವಾರವೇ ಬೆಳ್ಳಿ 35 ಡಾಲರಿಗೆ ಕುಸಿಯಿತು. ಮೇಲ್ಬೆಲೆ ಕಡಿಮೆ ಇದ್ದ ಮಾತ್ರಕ್ಕೆ ಕ್ಷೇಮ ಎಂದೂ ಹೇಳಲಾಗದು. ಲೋಹವೇ ಕೆಲವೊಮ್ಮೆ ಕೈಕೊಡುತ್ತದೆ. ಬೆಳ್ಳಿ ಚಿನ್ನಕ್ಕಿಂತ ಹೆಚ್ಚು ಚಂಚಲ. 1980ರ ಜನವರಿಯಲ್ಲಿ ಔನ್ಸಿಗೆ ಐವತ್ತು ಡಾಲರಿನ ಹತ್ತಿರ ಹೋಗಿದ್ದ ಬೆಳ್ಳಿ, ಮಾರ್ಚ್ 27ರಂದು ಹನ್ನೊಂದಕ್ಕೂ ಕೆಳಗೆ ಇಳಿದಿತ್ತು. ಐವತ್ತರ ಗಡಿಯನ್ನು ಅದು ಸ್ಪಷ್ಟವಾಗಿ ದಾಟಿದ್ದು 2025ರ ಅಕ್ಟೋಬರಿನಲ್ಲಿ, ನಲವತ್ತೈದು ವರ್ಷಗಳ ಮೇಲೆ.

ಕೆನಡಾದ ಕಥೆ ನಮಗೆ ಇನ್ನೂ ಹತ್ತಿರದ್ದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಹಣ ಕೂಡಿಸಲು ಆ ದೇಶ 1973ರಿಂದ 76ರವರೆಗೆ ಐದು ಡಾಲರ್ ಮತ್ತು ಹತ್ತು ಡಾಲರಿನ ಒಟ್ಟು 28 ಬಗೆಯ ಬೆಳ್ಳಿ ನಾಣ್ಯಗಳನ್ನು ಅಚ್ಚೊತ್ತಿತು. ಹತ್ತು ಡಾಲರಿನದರ ತೂಕ 48.6 ಗ್ರಾಂ, ಶೇಕಡಾ ತೊಂಬತ್ತೆರಡೂವರೆ ಬೆಳ್ಳಿ. ಸುಂದರವಾದ ಮರದ ಪೆಟ್ಟಿಗೆಗಳಲ್ಲಿ ಜನ ಮೊಮ್ಮಕ್ಕಳಿಗೆಂದು ಕೊಂಡಿಟ್ಟರು. ಎಲ್ಲರೂ ಇಟ್ಟುಕೊಂಡದ್ದರಿಂದಲೇ ಅದು ಅಪರೂಪದ್ದಾಗಲಿಲ್ಲ. 1980ರ ಏರಿಕೆಯಲ್ಲಿ ಎಷ್ಟೋ ನಾಣ್ಯಗಳು ಕುಲುಮೆಗೆ ಹೋದವು. ಉಳಿದವು ಇಂದಿಗೂ ಸಾಮಾನ್ಯವಾಗಿ ಬೆಳ್ಳಿಯ ದರದ ಆಸುಪಾಸಿಗೇ ಕೈಬದಲಾಗುತ್ತವೆ.

ಇದಕ್ಕೆ ತಿರುಗಾದ ಉದಾಹರಣೆ ನಮ್ಮ ಮನೆಯಲ್ಲೇ ಇದೆ. ನಮ್ಮ ತಂದೆಯವರಿಗೆ ಕೆಲಸ ಸಿಕ್ಕಿದ ಹೊಸತರಲ್ಲಿ ಸಂಬಳದ ಹಣದ ಜೊತೆಗೆ ಗಾಂಧೀಜಿಯವರ ಎರಡು ಹತ್ತು ರೂಪಾಯಿ ನಾಣ್ಯಗಳು ಬಂದಿದ್ದವು. ಕೊಟ್ಟದ್ದು ಹತ್ತೇ ರೂಪಾಯಿ, ಪೆಟ್ಟಿಗೆಯಿಲ್ಲ, ಪುಸ್ತಿಕೆಯಿಲ್ಲ, ಮೇಲ್ಬೆಲೆಯಿಲ್ಲ. ಲಕ್ಷಾಂತರ ಸಂಖ್ಯೆಯಲ್ಲಿ ಅಚ್ಚಾದ ನಾಣ್ಯವಾದ್ದರಿಂದ ಸಂಗ್ರಾಹಕರು ಅದಕ್ಕಾಗಿ ಹೊಡೆದಾಡುವುದಿಲ್ಲ. ಆದರೆ ಒಳಗಿನ ಹನ್ನೆರಡು ಗ್ರಾಂ ಬೆಳ್ಳಿ ತನ್ನ ಪಾಡಿಗೆ ತಾನು ಬೆಲೆ ಏರಿಸಿಕೊಳ್ಳುತ್ತಾ ಕುಳಿತಿದೆ. ನಮ್ಮ ಕುಟುಂಬದಲ್ಲಿ ನಾಣ್ಯದಿಂದ ನಷ್ಟವಾಗದೆ ಉಳಿದವರು ತಂದೆಯವರೊಬ್ಬರೇ, ಅದೂ ಅವರು ಅದನ್ನು ಖರ್ಚು ಮಾಡಲು ಮರೆತದ್ದರಿಂದ!

ಕೊಳ್ಳುವವರಿಗೆ ಒಂದು ಸಣ್ಣ ಪ್ರಯೋಗ ಹೇಳುತ್ತೇನೆ. ಆಭರಣ ತೂಗುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಸಾಕು. ಅದರ ಮೇಲೆ ನೀರಿರುವ ಲೋಟವನ್ನಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳ್ಳನೆಯ ದಾರ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ನೀರಿನೊಳಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವ ಗ್ರಾಮುಗಳೇ ಆ ನಾಣ್ಯದ ಗಾತ್ರ, ಘನ ಸೆಂಟಿಮೀಟರುಗಳಲ್ಲಿ. ಆರ್ಕಿಮಿಡೀಸನ ಹಳೆಯ ಉಪಾಯವೇ ಇದು. 35 ಗ್ರಾಂ ಶುದ್ಧ ಬೆಳ್ಳಿಗೆ ಈ ಅಂಕಿ ಸುಮಾರು 3.34 ಬರಬೇಕು. ಅರ್ಧ ಬೆಳ್ಳಿಯ ನಮ್ಮ ಸ್ಮಾರಕ ನಾಣ್ಯಕ್ಕೆ 3.67ರ ಸಮೀಪ. ಬೆಳ್ಳಿಯೇ ಇಲ್ಲದ ತಾಮ್ರ ನಿಕ್ಕಲಿನ ನಕಲಿಗೆ 3.9. ಭಾವನವರ ನಾಣ್ಯ 3.66 ತೋರಿಸಿತು. ಆ ಸಂಕಟದ ದಿನಗಳಲ್ಲೂ ನನಗೆ ಅದನ್ನು ಕಂಡು ಒಂದು ಬಗೆಯ ಸಂತೋಷವಾಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಡಬ್ಬಿಯಲ್ಲಿರುವ ಪ್ರೂಫ್ ನಾಣ್ಯದ ಮೇಲೆ ಮಾತ್ರ ದಯವಿಟ್ಟು ಈ ಪ್ರಯೋಗ ಮಾಡಬೇಡಿ, ಮೇಲ್ಬೆಲೆ ನೀರುಪಾಲಾಗುತ್ತದೆ.

ಇನ್ನೊಂದು ಪರೀಕ್ಷೆಗೆ ತಕ್ಕಡಿಯೂ ಬೇಡ. ಮಾರುವವರನ್ನು ಕೇಳಿ: "ನಾಳೆ ಇದನ್ನೇ ತಂದರೆ ನೀವು ಎಷ್ಟಕ್ಕೆ ತೆಗೆದುಕೊಳ್ಳುತ್ತೀರಿ?" ಅವರು ಹೇಳುವ ಅಂಕಿಯನ್ನು ಕಾಗದದ ಮೇಲೆ ಬರೆದುಕೊಡಲು ಹೇಳಿ. ಮೇಲ್ಬೆಲೆಯ ಬಗ್ಗೆ ಅಷ್ಟು ಹೊತ್ತು ಭಾಷಣ ಮಾಡಿದವರು ಆಗ ಬೆಳ್ಳಿಯ ದರಕ್ಕೆ ಇಳಿದರೆ ನಿಮಗೆ ತಿಳಿಯಬೇಕಾದದ್ದು ತಿಳಿದಂತೆ. ಹಳೆಯ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುತ್ತೇವೆಂದು ಫೋನಿನಲ್ಲಿ ಹೇಳಿ, ಮೊದಲು ಶುಲ್ಕ ಕಟ್ಟಿ ಎನ್ನುವವರ ವಿಷಯವೇ ಬೇರೆ. ತನ್ನ ಹೆಸರು ಹೇಳಿಕೊಂಡು ಹೀಗೆ ವಂಚಿಸುವವರ ಬಗ್ಗೆ ರಿಸರ್ವ್ ಬ್ಯಾಂಕು 2021ರಲ್ಲೇ ಸಾರ್ವಜನಿಕರನ್ನು ಎಚ್ಚರಿಸಿದೆ.

ಅಕ್ಕನ ಶಸ್ತ್ರಚಿಕಿತ್ಸೆ ಏನಾಯಿತೆಂದು ನೀವು ಕೇಳಬಹುದು. ಡಬ್ಬಿಯಿಂದ ಹೊರಬರದೆ ಉಳಿದಿದ್ದ ಆರು ನಾಣ್ಯಗಳನ್ನು, ನಮ್ಮ ಕಾರ್ಯಕ್ರಮಕ್ಕೆ ಬಂದಿದ್ದ ಆ ಸಂಗ್ರಾಹಕರೇ ಒಂದಕ್ಕೆ 1,500ರಂತೆ ತೆಗೆದುಕೊಂಡರು. ವಿಭೂತಿ ಕಂಡವುಗಳಲ್ಲಿ ಹನ್ನೆರಡನ್ನು ಅಂಗಡಿಗೆ ಕೊಟ್ಟೆವು. ಎಲ್ಲ ಸೇರಿ 16,200 ರೂಪಾಯಿ. ಉಳಿದ ಹಣವನ್ನು ಸಾಲ ಮಾಡಿ ಹೊಂದಿಸಿದೆವು. ಅಕ್ಕ ಗುಣಮುಖಳಾಗಿ ಮನೆಗೆ ಬಂದಳು. ಉಳಿದ ಆರು ನಾಣ್ಯಗಳನ್ನು ಮಾರಲು ಅವಳು ಬಿಡಲಿಲ್ಲ.

2025ರ ಅಕ್ಟೋಬರಿನಲ್ಲಿ ಬೆಳ್ಳಿ ಕಿಲೋಗೆ ಒಂದೂವರೆ ಲಕ್ಷ ರೂಪಾಯಿ ದಾಟಿದ ದಿನ ಭಾವ ಫೋನ್ ಮಾಡಿದರು. ಪೇಪರು ಮುಂದಿಟ್ಟುಕೊಂಡೇ ಮಾತನಾಡುತ್ತಿದ್ದರೆಂದು ಕಾಣುತ್ತದೆ. "ಈಗ ಒಂದರಲ್ಲಿ ಎಷ್ಟು ಬೆಳ್ಳಿ ಇದೆಯಪ್ಪ, ಲೆಕ್ಕ ಹಾಕಿ ಹೇಳು" ಎಂದರು. ಹದಿನೇಳೂವರೆಯನ್ನು ನೂರೈವತ್ತರಿಂದ ಗುಣಿಸಿ 2,625 ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. 2012ರಲ್ಲಿ ಬರೀ ಬೆಳ್ಳಿ ಕೊಂಡಿದ್ದರೆ ಆ ಎಪ್ಪತ್ತು ಸಾವಿರ ಈಗ ಒಂದು ಲಕ್ಷ ಎಂಬತ್ತು ಸಾವಿರವಾಗಿರುತ್ತಿತ್ತು ಎಂಬ ಲೆಕ್ಕ ನನ್ನ ನಾಲಗೆಯ ತುದಿಗೆ ಬಂದಿತ್ತು, ಹೇಳಲಿಲ್ಲ.

"ಹಾಗಾದರೆ ಇನ್ನೂ ಇನ್ನೂರ ಎಪ್ಪತ್ತೈದು ಕಡಿಮೆ" ಎಂದರು ಭಾವ. ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ಅವನ್ನು ಮಾರೋ ಮಾತು ಆಡಬೇಡಿ, ದೀಪಾವಳಿಗೆ ಲಕ್ಷ್ಮಿಯ ಮುಂದೆ ಇಡಬೇಕು. ವಿಭೂತಿ ಎಲ್ಲಿಟ್ಟಿದ್ದೀರಿ?"